ಜರ್ಮನಿಯಲ್ಲಿ ಓದುತ್ತಲೇ ಕೆಲಸಕ್ಕೆ ಅಣಿಯಾಗುವುದು ಹೇಗೆ?

ಮಾಸ್ಟರ್ಸ್ ಓದಲು ಜರ್ಮನಿಗೆ ಬರುವ ನಮ್ಮ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರಿಗೆ ಒಂದು ವಿಷಯ ತಡವಾಗಿ ಗೊತ್ತಾಗುತ್ತದೆ: ಇಲ್ಲಿ ಕ್ಯಾಂಪಸ್ ಪ್ಲೇಸ್‌ಮೆಂಟ್ ಇಲ್ಲ. ಕಂಪನಿಯವರು ಕಾಲೇಜಿಗೇ ಬಂದು, ಆಪ್ಟಿಟ್ಯೂಡ್ ಟೆಸ್ಟ್ ನಡೆಸಿ, ಸಂಜೆಯೊಳಗೆ ಆಫರ್ ಕೊಟ್ಟು ಹೋಗುವುದನ್ನು ನೋಡಿ ಬೆಳೆದವರು ಇಲ್ಲಿಯೂ ಮೊದಲು ಓದು ಮುಗಿಯಲಿ, ಆಮೇಲೆ ಕೆಲಸದ ವಿಚಾರ ಎಂದುಕೊಳ್ಳುತ್ತಾರೆ. ಥೀಸಿಸ್ ಒಪ್ಪಿಸಿ, ಒಂದೆರಡು ವಾರ ಸುಧಾರಿಸಿಕೊಂಡು, ಸಿವಿ ತಿದ್ದಲು ಕೂರುತ್ತಾರೆ. ಆ ಹೊತ್ತಿಗೆ ಅದೇ ತರಗತಿಯ ಇನ್ನೊಬ್ಬ ಒಂದು ಕಂಪನಿಯಲ್ಲಿ ವರ್ಷಗಟ್ಟಲೆ ಅರೆಕಾಲಿಕವಾಗಿ ದುಡಿದು, ಥೀಸಿಸ್ಸನ್ನೂ ಅಲ್ಲೇ ಬರೆದು, ಟೀಮಿನವರಿಗೆಲ್ಲ ಪರಿಚಿತನಾಗಿರುತ್ತಾನೆ. ಖಾಲಿಯಾದ ಹುದ್ದೆ ಯಾರ ಪಾಲಿಗೆ ಹೋಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ಇಲ್ಲಿ ಕೊಟ್ಟಿರುವ ಹಂತಗಳು ವಿಮಾನ ಹತ್ತುವ ಮೊದಲೇ ಶುರುವಾಗುತ್ತವೆ. ಎಂಜಿನಿಯರಿಂಗ್ ಮತ್ತು ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಬೇರೆ ವಿಷಯದವರಿಗೂ ಮುಕ್ಕಾಲು ಪಾಲು ಅನ್ವಯಿಸುತ್ತದೆ.

ಹಂತ 1: ಊರು ಬಿಡುವ ಮೊದಲು

ಅಡ್ಮಿಷನ್ ಪತ್ರ ಬಂದು ವೀಸಾಕ್ಕೆ ಕಾಯುವ ತಿಂಗಳುಗಳೆಲ್ಲ ಕುಕ್ಕರ್, ಸಾರಿನ ಪುಡಿ, ಜಾಕೆಟ್ ಖರೀದಿಯಲ್ಲೇ ಕಳೆದುಹೋಗುತ್ತವೆ. ಅವೂ ಬೇಕು ಬಿಡಿ. ಆದರೆ ಆಗ ಮಾಡಬೇಕಾದ ಮುಖ್ಯ ಕೆಲಸ ಜರ್ಮನ್ ಕಲಿಯುವುದು. ಕೋರ್ಸು ಪೂರ್ತಿ ಇಂಗ್ಲಿಷಿನಲ್ಲಿದೆ ಎಂಬ ಧೈರ್ಯ ತರಗತಿಯ ಬಾಗಿಲವರೆಗೆ ಮಾತ್ರ. ಬರ್ಲಿನ್ನಿನ ಸ್ಟಾರ್ಟಪ್‌ಗಳಲ್ಲಿ, ಕೆಲವು ದೊಡ್ಡ ಸಾಫ್ಟ್‌ವೇರ್ ಕಂಪನಿಗಳಲ್ಲಿ ಇಂಗ್ಲಿಷಿನಲ್ಲೇ ಕೆಲಸ ನಡೆಯುತ್ತದೆ, ನಿಜ. ಸ್ಟುಟ್‌ಗಾರ್ಟ್ ಸುತ್ತಮುತ್ತ ಯಂತ್ರ ತಯಾರಿಸುವ ಕಂಪನಿಗೆ ಹೋದರೆ ಮೀಟಿಂಗು, ಡ್ರಾಯಿಂಗ್ ಮೇಲಿನ ಟಿಪ್ಪಣಿ, ಗೋಡೆಯ ಮೇಲಿನ ಸುರಕ್ಷತಾ ಸೂಚನೆ, ಊಟದ ಹೊತ್ತಿನ ಹರಟೆ ಎಲ್ಲವೂ ಜರ್ಮನ್ನಿನಲ್ಲೇ. ಇಲ್ಲಿಗೆ ಬಂದು ಕಲಿತರಾಯಿತು ಎಂದುಕೊಂಡವರಿಗೆ ಮೊದಲ ಸೆಮಿಸ್ಟರಿನ ಅಸೈನ್‌ಮೆಂಟ್‌ಗಳ ನಡುವೆ ಪುರುಸೊತ್ತೇ ಸಿಗುವುದಿಲ್ಲ. ಭಾಷೆಯ ಮಟ್ಟಗಳನ್ನು ಕೆಳಗಿನಿಂದ ಮೇಲಕ್ಕೆ ಎ1, ಎ2, ಬಿ1 ಎಂದು ಎಣಿಸುತ್ತಾರೆ. ಎ2 ಮುಗಿಸಿ ಬಂದರೆ ಸಾಕು ಎನ್ನುವವರಿದ್ದಾರೆ. ನಾನು ಹೇಳುವುದು ಬಿ1. ಬೆಂಗಳೂರಿನ ಗೋಯೆಥೆ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಹಳಬರು ಮ್ಯಾಕ್ಸ್ ಮುಲ್ಲರ್ ಭವನ ಎನ್ನುವ ಸಂಸ್ಥೆಯಲ್ಲಿ, ತರಗತಿಯೂ ಇದೆ, ಪರೀಕ್ಷೆಯೂ ಇದೆ. ತರಗತಿ ಎಲ್ಲೇ ಮುಗಿಸಿ, ಆದರೆ ಪರೀಕ್ಷೆ ಕಟ್ಟಿ ಪ್ರಮಾಣಪತ್ರ ತೆಗೆದುಕೊಳ್ಳಿ. ಸಿವಿಯಲ್ಲಿ 'ಬೇಸಿಕ್ ಜರ್ಮನ್' ಎಂದು ಬರೆದರೆ ಇಲ್ಲಿನವರು 'ಬರುವುದಿಲ್ಲ' ಎಂದೇ ಓದಿಕೊಳ್ಳುತ್ತಾರೆ.

ಎರಡನೆಯದು, ಊರಲ್ಲಿ ಕೆಲಸ ಮಾಡಿದ್ದರೆ ಅಲ್ಲಿಂದ ತರುವ ಅನುಭವ ಪತ್ರ. ನಮ್ಮ ಕಂಪನಿಗಳು ಕೊಡುವ ಪತ್ರದಲ್ಲಿ ಸಾಮಾನ್ಯವಾಗಿ ಇರುವುದು ಮೂರೇ ಸಾಲು: ಇಂತಹವರು ಇಂತಹ ದಿನಾಂಕದಿಂದ ಇಂತಹ ದಿನಾಂಕದವರೆಗೆ ನಮ್ಮಲ್ಲಿದ್ದರು, ನಡತೆ ಒಳ್ಳೆಯದು, ಶುಭವಾಗಲಿ. ಜರ್ಮನ್ ಕಂಪನಿಗೆ ಇದು ಪತ್ರವೇ ಅಲ್ಲ. ನೀವು ಯಾವ ಪ್ರಾಜೆಕ್ಟಿನಲ್ಲಿದ್ದಿರಿ, ಯಾವ ಸಾಧನಗಳನ್ನು ಬಳಸಿದಿರಿ, ಯಾವ ಜವಾಬ್ದಾರಿ ಹೊತ್ತಿದ್ದಿರಿ, ಕೆಲಸ ಹೇಗಿತ್ತು ಎಂದು ಒಂದು ಪುಟದಲ್ಲಿ ಬರೆಸಿ, ಮ್ಯಾನೇಜರ್ ಸಹಿ ಹಾಕಿಸಿಕೊಂಡು ಬನ್ನಿ. ಎಚ್‌ಆರ್ ಒಪ್ಪದಿದ್ದರೆ ಮ್ಯಾನೇಜರ್ ತಮ್ಮ ಹೆಸರಿನಲ್ಲೇ ಬರೆದುಕೊಟ್ಟರೂ ಆದೀತು. ಇಲ್ಲಿಂದ ಇಮೇಲ್ ಬರೆದು ಇದನ್ನು ತರಿಸಿಕೊಳ್ಳುವುದು ಎಷ್ಟು ಕಷ್ಟವೆಂದು ಪಾಡುಪಟ್ಟವರನ್ನೇ ಕೇಳಿ.

ಬೆಂಗಳೂರಿನಲ್ಲಿ ಬಾಷ್, ಸ್ಯಾಪ್ ಲ್ಯಾಬ್ಸ್, ಮರ್ಸಿಡಿಸ್-ಬೆಂಜ್ ಸಂಶೋಧನಾ ಕೇಂದ್ರದಂಥ ಕಡೆ ದುಡಿದವರಾದರೆ ನಿಮ್ಮ ಕೈಯಲ್ಲಿ ಆಗಲೇ ಒಂದು ದಾರಿ ಇದೆ. ನೀವು ಪ್ರತಿದಿನ ಕಾಲ್‌ನಲ್ಲಿ ಮಾತಾಡುತ್ತಿದ್ದ ಸ್ಟುಟ್‌ಗಾರ್ಟ್ ಅಥವಾ ವಾಲ್‌ಡಾರ್ಫ್ ಸಹೋದ್ಯೋಗಿಗೆ 'ನಾನು ಅಕ್ಟೋಬರಿನಲ್ಲಿ ಓದಲು ಬರುತ್ತಿದ್ದೇನೆ' ಎಂದು ಹೊರಡುವ ಮೊದಲೇ ಬರೆಯಿರಿ.

ಹಂತ 2: ಮೊದಲ ಸೆಮಿಸ್ಟರಿನಲ್ಲಿ ಕಾಗದಪತ್ರ

ಮನೆಗೆ ಬಂದ ಎರಡು ವಾರದೊಳಗೆ ವಿಳಾಸವನ್ನು ನಗರ ಕಚೇರಿಯಲ್ಲಿ ನೋಂದಾಯಿಸಬೇಕು. ಅದಾದ ಮೇಲೆ ತೆರಿಗೆ ಗುರುತಿನ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಸಂಬಳದ ಕೆಲಸಕ್ಕೆ ಸೇರಿದಾಗ ಸಾಮಾಜಿಕ ವಿಮೆ ಸಂಖ್ಯೆಯೂ ಬೇಕು. ಇಲ್ಲೊಂದು ಸಣ್ಣ ಸಂಗತಿ: ಅಂಚೆಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಇಲ್ಲದಿದ್ದರೆ ಪತ್ರ ಬರುವುದಿಲ್ಲ, ವಾಪಸು ಹೋಗುತ್ತದೆ. ಇಲ್ಲಿ ಫ್ಲಾಟ್ ನಂಬರ್ ನೋಡಿ ಹಂಚುವ ಪದ್ಧತಿ ಇಲ್ಲ. ಬಾಡಿಗೆ ಮನೆಯ ಮೂಲ ಬಾಡಿಗೆದಾರನ ಹೆಸರಿನ ಕೆಳಗೆ ಒಂದು ಚೀಟಿಯಲ್ಲಿ ನಿಮ್ಮದನ್ನೂ ಬರೆದು ಅಂಟಿಸಿ. ಬ್ಯಾಂಕು, ವೀಸಾ ಕಚೇರಿ, ವಿಮೆ ಎಲ್ಲರೂ ಈಗಲೂ ಕಾಗದದಲ್ಲೇ ಬರೆಯುವ ದೇಶ ಇದು.

ಕೆಲಸದ ಮಿತಿಯನ್ನು ಚೆನ್ನಾಗಿ ತಿಳಿದುಕೊಳ್ಳಿ. 2024ರ ಮಾರ್ಚ್‌ನಿಂದ ಯುರೋಪಿಯನ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. ತರಗತಿ ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆಯೊಳಗೆ ದುಡಿದರೆ ಆ ವಾರಕ್ಕೆ ಎರಡೂವರೆ ದಿನವೆಂದು ಲೆಕ್ಕ ಹಾಕುವ ದಾರಿಯೂ ಇದೆ. ವಿಶ್ವವಿದ್ಯಾಲಯದಲ್ಲೇ ಪ್ರೊಫೆಸರ ಬಳಿ ಸಹಾಯಕರಾಗಿ ಮಾಡುವ ಕೆಲಸ, ಎಲ್ಲರೂ 'ಹಿವಿ' ಎನ್ನುವುದು, ಈ 140 ದಿನಗಳಲ್ಲಿ ಸೇರುವುದಿಲ್ಲ. ಪಠ್ಯಕ್ರಮದಲ್ಲೇ ಕಡ್ಡಾಯವಾಗಿರುವ ಇಂಟರ್ನ್‌ಶಿಪ್ಪೂ ಸೇರುವುದಿಲ್ಲ.

ಸ್ವಂತ ಉದ್ಯೋಗಕ್ಕೆ ವಿದ್ಯಾರ್ಥಿ ವೀಸಾದಲ್ಲಿ ಪ್ರತ್ಯೇಕ ಅನುಮತಿ ಬೇಕು. ಊರಿನ ಗೆಳೆಯನಿಗೆ ವೆಬ್‌ಸೈಟ್ ಮಾಡಿಕೊಟ್ಟು ಬಿಲ್ ಹಾಕುವುದು, ಇನ್‌ವಾಯ್ಸ್ ಮೇಲೆ ಡೆಲಿವರಿ ಮಾಡುವುದು, ಇವೆಲ್ಲ ಅದರಡಿ ಬರುತ್ತವೆ. ಯಾರೋ ಮಾಡುತ್ತಿದ್ದಾರೆಂದು ನೀವೂ ಶುರುಹಚ್ಚಿಕೊಳ್ಳಬೇಡಿ. ಮುಂದೆ ವೀಸಾ ಬದಲಿಸುವಾಗ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ ಪ್ರಶ್ನೆ ಕೇಳಿದರೆ ಉತ್ತರ ಇರುವುದಿಲ್ಲ.

ಗೋದಾಮು, ರೆಸ್ಟೋರೆಂಟ್ ಕೆಲಸಗಳ ಬಗ್ಗೆ ಒಂದು ಮಾತು. 2026ರ ಜನವರಿಯಿಂದ ಕನಿಷ್ಠ ಕೂಲಿ ಗಂಟೆಗೆ 13.90 ಯೂರೋ. ಸಾಲ ಮಾಡಿ ಬಂದವರಿಗೆ ಆ ದುಡ್ಡು ದೊಡ್ಡದೇ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ಎರಡು ವರ್ಷವೂ ಅದರಲ್ಲೇ ಉಳಿದರೆ ನಿಮ್ಮ ವಿಷಯಕ್ಕೆ ಸಂಬಂಧಿಸಿದ ಒಂದು ಸಾಲೂ ಸಿವಿಗೆ ಸೇರುವುದಿಲ್ಲ. ಒಂದು ಸೆಮಿಸ್ಟರ್ ಮಾಡಿ, ಕೈಗೆ ಸ್ವಲ್ಪ ಕಾಸು ಬಂದ ಮೇಲೆ ಕೂಲಿ ಹೆಚ್ಚು ಸಿಗದಿದ್ದರೂ ಪರವಾಗಿಲ್ಲ, ಹಿವಿ ಕೆಲಸಕ್ಕೆ ಹಾರಿ.

ರಸೀದಿಗಳನ್ನು ಇಟ್ಟುಕೊಳ್ಳಿ. ಮಾಸ್ಟರ್ಸ್ ನಿಮ್ಮ ಎರಡನೇ ಪದವಿಯಾದ್ದರಿಂದ ಸೆಮಿಸ್ಟರ್ ಶುಲ್ಕ, ಪುಸ್ತಕ, ಓದಿಗಾಗಿ ಕೊಂಡ ಲ್ಯಾಪ್‌ಟಾಪಿನ ಖರ್ಚನ್ನು ತೆರಿಗೆ ಲೆಕ್ಕದಲ್ಲಿ ನಷ್ಟವಾಗಿ ತೋರಿಸಿ, ಮುಂದೆ ಸಂಬಳ ಬರುವ ವರ್ಷಕ್ಕೆ ದಾಟಿಸಬಹುದು. ಸರ್ಕಾರದ ಎಲ್‌ಸ್ಟರ್ ಪೋರ್ಟಲಿನಲ್ಲಿ ನೀವೇ ತುಂಬಬಹುದು. ಸ್ವಇಚ್ಛೆಯಿಂದ ಸಲ್ಲಿಸುವ ರಿಟರ್ನಿಗೆ ನಾಲ್ಕು ವರ್ಷದ ಅವಕಾಶ ಇದೆ.

ಹಂತ 3: ಸಿವಿಯನ್ನು ಇಲ್ಲಿಯವರ ಕಣ್ಣಿಗೆ ಹೊಂದಿಸುವುದು

ನಮ್ಮೂರಿನ ರೆಸ್ಯೂಮೆಯಲ್ಲಿ ಕಡೆಗೆ 'ಮೇಲ್ಕಂಡ ಮಾಹಿತಿಯೆಲ್ಲ ನನಗೆ ತಿಳಿದ ಮಟ್ಟಿಗೆ ಸತ್ಯ' ಎಂಬ ಘೋಷಣೆ ಇರುತ್ತದಲ್ಲ, ಮೊದಲು ಅದನ್ನು ಅಳಿಸಿ. ತಂದೆಯ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಮದುವೆಯಾಗಿದೆಯೋ ಇಲ್ಲವೋ, 'ಕಷ್ಟಪಟ್ಟು ದುಡಿಯುವ, ಬೇಗ ಕಲಿಯುವ' ಎಂಬ ಗುರಿವಾಕ್ಯ ಯಾವುದೂ ಬೇಡ. ಎರಡು ಪುಟ ಮೀರದಂತೆ, ಹೊಸದು ಮೇಲೆ ಹಳೆಯದು ಕೆಳಗೆ, ಎಡಗಡೆ ತಿಂಗಳು ಮತ್ತು ವರ್ಷ, ಬಲಗಡೆ ಏನು ಮಾಡಿದಿರಿ ಎಂದು ಪಟ್ಟಿಯಂತೆ ಬರೆಯಿರಿ. ನಡುವೆ ಖಾಲಿ ಬಿಟ್ಟ ತಿಂಗಳುಗಳಿದ್ದರೆ ಇಲ್ಲಿಯವರ ಕಣ್ಣು ಸೀದಾ ಅಲ್ಲಿಗೇ ಹೋಗುತ್ತದೆ. ಆರು ತಿಂಗಳು ಜರ್ಮನ್ ಕಲಿತು ವೀಸಾಕ್ಕೆ ಕಾದಿದ್ದರೆ ಹಾಗೆಂದೇ ಬರೆಯಿರಿ. ಫೋಟೋ ಕಡ್ಡಾಯವಲ್ಲ, ತಾರತಮ್ಯ ನಿಷೇಧ ಕಾನೂನು 2006ರಲ್ಲಿ ಬಂದ ಮೇಲೆ ಕಂಪನಿ ಅದನ್ನು ಕೇಳುವಂತಿಲ್ಲ ಎಂಬ ತಿಳಿವಳಿಕೆ ಇದೆ, ಆದರೂ ಹಾಕುವವರೇ ಜಾಸ್ತಿ. ಹಾಕುವುದಾದರೆ ಸ್ಟುಡಿಯೋದ್ದು ಹಾಕಿ, ಮದುವೆ ಮನೆಯ ಫೋಟೋ ಕತ್ತರಿಸಿ ಹಾಕಬೇಡಿ.

ಅಂಕಗಳಲ್ಲಿ ಎಡವುವವರು ಬಹಳ. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಬರೀ ಪಾಸು. ನೀವು 'ಸಿಜಿಪಿಎ 8.5' ಎಂದಷ್ಟೇ ಬರೆದರೆ ಓದುವವರಿಗೆ ಅರ್ಥವೇ ಆಗುವುದಿಲ್ಲ. 10ಕ್ಕೆ 8.5 ಎಂದು ಬರೆದು ಪಕ್ಕದಲ್ಲಿ ಜರ್ಮನ್ ಅಂಕವನ್ನೂ ಕೊಡಿ. ಲೆಕ್ಕ ಸುಲಭ: ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ, ಅದನ್ನು ಗರಿಷ್ಠ ಮತ್ತು ಕನಿಷ್ಠ ಪಾಸಿನ ವ್ಯತ್ಯಾಸದಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ. ಗರಿಷ್ಠ 10, ಪಾಸು 4 ಎಂದಿದ್ದರೆ 8.5 ಎಂಬುದು 1.75 ಆಗುತ್ತದೆ. ಇದು ನಿಜಕ್ಕೂ ಒಳ್ಳೆಯ ಅಂಕ, ಮುಚ್ಚಿಡುವುದೇಕೆ?

ಕೌಶಲಗಳ ಪಟ್ಟಿಯಲ್ಲಿ ಕೇಳಿದ್ದೆಲ್ಲವನ್ನೂ ತುಂಬಬೇಡಿ. ಪೈಥಾನ್, ಸಿ++, ಮ್ಯಾಟ್‌ಲ್ಯಾಬ್, ಜಾವಾ, ಆರ್, ಡಾಕರ್ ಎಂದು ಹದಿನೈದು ಹೆಸರು ಬರೆದವರನ್ನು ಸಂದರ್ಶನದಲ್ಲಿ ಹದಿನಾಲ್ಕನೆಯದರ ಬಗ್ಗೆಯೇ ಕೇಳುತ್ತಾರೆ. ವಾಹನ ಕ್ಷೇತ್ರದವರು ವೆಕ್ಟರ್ ಕಂಪನಿಯ ಕ್ಯಾನೋ ತಂತ್ರಾಂಶ ಬಳಸಿದ್ದರೆ ಅದನ್ನು ಯಾವ ಪರೀಕ್ಷೆಗೆ, ಯಾವ ಇಸಿಯು (ವಾಹನದೊಳಗಿನ ಎಲೆಕ್ಟ್ರಾನಿಕ್ ನಿಯಂತ್ರಣ ಘಟಕ) ಮೇಲೆ ಬಳಸಿದಿರಿ ಎಂದು ಅರ್ಧ ಸಾಲು ಸೇರಿಸಿ. ಆ ಅರ್ಧ ಸಾಲು ಹತ್ತು ಹೆಸರುಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಅರ್ಜಿಯ ಜೊತೆ ಅಂಕಪಟ್ಟಿ, ಅನುಭವ ಪತ್ರ, ಭಾಷೆಯ ಪ್ರಮಾಣಪತ್ರ ಎಲ್ಲವನ್ನೂ ಸೇರಿಸಿ ಒಂದೇ ಪಿಡಿಎಫ್ ಮಾಡಿ.

ಹಂತ 4: ವೆರ್ಕ್‌ಸ್ಟುಡೆಂಟ್ ಕೆಲಸ ಹಿಡಿಯುವುದು

ಎರಡನೇ ಸೆಮಿಸ್ಟರಿನಿಂದ ನಿಮ್ಮ ಗುರಿ ಇದೊಂದೇ ಆಗಿರಲಿ. ಕಂಪನಿಯಲ್ಲಿ ನಿಮ್ಮ ವಿಷಯಕ್ಕೆ ಸಂಬಂಧಿಸಿದ ಕೆಲಸವನ್ನು ತರಗತಿಯ ಅವಧಿಯಲ್ಲಿ ವಾರಕ್ಕೆ 20 ಗಂಟೆಯವರೆಗೆ, ಸೆಮಿಸ್ಟರ್ ರಜೆಯಲ್ಲಿ ಅದಕ್ಕಿಂತ ಹೆಚ್ಚು ಮಾಡುವ ವ್ಯವಸ್ಥೆ ಇದು. ಸಂಬಳದಿಂದ ಪಿಂಚಣಿ ವಂತಿಗೆ ಎಂದು ಶೇ. 9.3 ಮಾತ್ರ ಕಡಿತವಾಗುತ್ತದೆ. ಆರೋಗ್ಯ ವಿಮೆಯನ್ನು ವಿದ್ಯಾರ್ಥಿ ದರದಲ್ಲಿ ನೀವೇ ಕಟ್ಟುತ್ತಿರುತ್ತೀರಿ. ಕಂಪನಿಗೆ ಇದು ಅಗ್ಗದ, ದೀರ್ಘ ಸಂದರ್ಶನ. ನಿಮಗೂ ಅಷ್ಟೇ.

ಎಲ್ಲಿ ಹುಡುಕುವುದು? ಸ್ಟೆಪ್‌ಸ್ಟೋನ್, ಇಂಡೀಡ್, ಲಿಂಕ್ಡ್‌ಇನ್ ಎಲ್ಲರಿಗೂ ಗೊತ್ತು, ಅದಕ್ಕೇ ಅಲ್ಲಿ ನೂಕುನುಗ್ಗಲು. ಕಂಪನಿಗಳ ಸ್ವಂತ ಉದ್ಯೋಗ ಪುಟಗಳನ್ನು ವಾರಕ್ಕೊಮ್ಮೆ ನೋಡಿ. ವಿಶ್ವವಿದ್ಯಾಲಯದ ಕರಿಯರ್ ಸರ್ವಿಸ್ ಕಚೇರಿಯಲ್ಲಿ ಸಿವಿ ನೋಡಿ ತಿದ್ದಿಕೊಡುತ್ತಾರೆ. ನಮ್ಮವರು ಆ ಕಡೆ ತಲೆ ಹಾಕುವುದೇ ಕಡಿಮೆ. ವಿದ್ಯಾರ್ಥಿಗಳೇ ನಡೆಸುವ ಉದ್ಯೋಗ ಮೇಳಗಳಿವೆ: ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದ ಇಕೋಮ್, ಆಖೆನ್ ಮತ್ತು ಇತರ ಊರುಗಳಲ್ಲಿ ನಡೆಯುವ ಬಾಂಡಿಂಗ್. ಮೇಳಕ್ಕೆ ಹೋಗಿ ಪೆನ್ನು, ಚೀಲ ಸಂಗ್ರಹಿಸಿಕೊಂಡು ಬರಬೇಡಿ. ಮೂರು ಕಂಪನಿ ಆರಿಸಿಕೊಂಡು, ಅವು ಏನು ತಯಾರಿಸುತ್ತವೆ ಎಂದು ಓದಿಕೊಂಡು ಹೋಗಿ, 'ನಿಮ್ಮ ಇಂತಹ ವಿಭಾಗದಲ್ಲಿ ವಿದ್ಯಾರ್ಥಿಗಳಿಗೆ ಏನು ಕೆಲಸ ಕೊಡುತ್ತೀರಿ' ಎಂದು ಜರ್ಮನ್ನಿನಲ್ಲೇ ಶುರು ಮಾಡಿ. ತಪ್ಪಾದರೆ ಅವರೇ ಇಂಗ್ಲಿಷಿಗೆ ಬರುತ್ತಾರೆ.

ಯಾವ ಕಂಪನಿ ಎಂಬುದು ಇನ್ನೂ ದೊಡ್ಡ ಪ್ರಶ್ನೆ. ಕರ್ನಾಟಕದಿಂದ ಬರುವ ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್ ಹುಡುಗರ ಕಣ್ಣೆಲ್ಲ ಕಾರಿನ ಮೇಲೆ. ಆದರೆ ಆ ಕ್ಷೇತ್ರ ಈಗ ಕುಗ್ಗುತ್ತಿದೆ. ಫೋಕ್ಸ್‌ವಾಗನ್ 2024ರ ಡಿಸೆಂಬರಿನಲ್ಲಿ ಕಾರ್ಮಿಕ ಸಂಘದ ಜೊತೆ ಮಾಡಿಕೊಂಡ ಒಪ್ಪಂದದಂತೆ 2030ರೊಳಗೆ ಜರ್ಮನಿಯಲ್ಲಿ 35,000ಕ್ಕೂ ಹೆಚ್ಚು ಹುದ್ದೆ ಕಡಿಮೆಯಾಗಲಿವೆ. ಬಿಡಿಭಾಗ ತಯಾರಿಸುವ ಝಡ್‌ಎಫ್ ಅದೇ ವರ್ಷ 11,000ದಿಂದ 14,000 ಹುದ್ದೆ ಕಡಿತ ಪ್ರಕಟಿಸಿತು. ಇಂಥ ಕಡೆ ಹೊಸಬರಿಗೆ ಕಾಯಂ ಕೆಲಸ ಸಿಗುವುದು ಕಷ್ಟ. ಹೆಸರು ಕೇಳಿರದ ಮಧ್ಯಮ ಗಾತ್ರದ ಕಂಪನಿಗಳ ಕಡೆ ನೋಡಿ. ಟುಟ್‌ಲಿಂಗೆನ್ ಎಂಬ ಪುಟ್ಟ ಊರಿನ ತುಂಬ ಶಸ್ತ್ರಚಿಕಿತ್ಸೆ ಉಪಕರಣ ತಯಾರಿಸುವ ಕಂಪನಿಗಳೇ. ಡಿಟ್ಸಿಂಗೆನ್‌ನ ಟ್ರುಂಪ್ ಲೇಸರ್ ಯಂತ್ರಗಳಿಗೆ, ಎಸ್‌ಲಿಂಗೆನ್‌ನ ಫೆಸ್ಟೋ ವಾಯುಚಾಲಿತ ಸಾಧನಗಳಿಗೆ, ವಾಲ್ಡ್‌ಕಿರ್ಖ್‌ನ ಸಿಕ್ ಸೆನ್ಸರ್‌ಗಳಿಗೆ ಹೆಸರಾದವು. ರೈಲು, ವಿದ್ಯುತ್ ಜಾಲದ ಕೆಲಸಗಳೂ ಇವೆ. ಸಣ್ಣ ಊರಲ್ಲಿ ಬಾಡಿಗೆ ಕಡಿಮೆ. ಆದರೆ ಸಂಜೆ ಆರರ ಮೇಲೆ ಬೀದಿಯಲ್ಲಿ ನರಪಿಳ್ಳೆ ಇರುವುದಿಲ್ಲ, ಅದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿರಿ.

ಇಂಟರ್ನ್‌ಶಿಪ್ಪಿಗೆ ಹೋಗುವುದಾದರೆ ಕೂಲಿಯ ನಿಯಮ ಬೇರೆ. ಪಠ್ಯಕ್ರಮದಲ್ಲಿ ಕಡ್ಡಾಯವಿರುವುದಕ್ಕೆ ಕನಿಷ್ಠ ಕೂಲಿ ಅನ್ವಯಿಸುವುದಿಲ್ಲ. ನೀವಾಗಿಯೇ ಮಾಡುವುದು ಮೂರು ತಿಂಗಳು ಮೀರಿದರೆ ಕೊಡಲೇಬೇಕು.

ಹಂತ 5: ಸಂದರ್ಶನ

ಇಲ್ಲಿ ಹೆಚ್ಚು ಹೇಳುವುದಿಲ್ಲ, ಎರಡೇ ಮಾತು. ಒಂದು, 'ನಾವು ಮಾಡಿದೆವು' ಎನ್ನುವುದನ್ನು ಬಿಟ್ಟು 'ನಾನು ಮಾಡಿದ ಭಾಗ ಇದು' ಎನ್ನಿ. ನಾಲ್ವರ ಪ್ರಾಜೆಕ್ಟಿನಲ್ಲಿ ನಿಮ್ಮ ಪಾಲು ಸಣ್ಣದೇ ಇರಬಹುದು, ಅದನ್ನು ಆಳವಾಗಿ ವಿವರಿಸಿದರೆ ಸಾಕು. ಇನ್ನೊಂದು, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನಿ. ತಿಪ್ಪೆ ಸಾರಿಸುವುದು ಇಲ್ಲಿ ಮೊದಲ ನಿಮಿಷದಲ್ಲೇ ಗೊತ್ತಾಗುತ್ತದೆ. ಆನ್‌ಲೈನ್ ಇದ್ದರೂ ಐದು ನಿಮಿಷ ಮೊದಲೇ ಕೂತಿರಿ.

ಹಂತ 6: ಆಫೀಸಿನೊಳಗೆ

ಕಾಗದಪತ್ರ, ಸಿವಿ ಎಲ್ಲ ಹೇಗೋ ಆಗುತ್ತದೆ. ನಮ್ಮವರು ನಿಜವಾಗಿ ತೊಳಲಾಡುವುದು ಇಲ್ಲಿ.

ಟೀಮ್ ಲೀಡ್ ಕೇಳುತ್ತಾರೆ: 'ಈ ಮಾಪನದ ವರದಿ ಶುಕ್ರವಾರ ಕೊಡಬಹುದಾ?' ನಮ್ಮ ಹುಡುಗನಿಗೆ ಸೆನ್ಸರ್ ಡೇಟಾ ಇನ್ನೂ ಬಂದಿಲ್ಲ, ಗುರುವಾರ ಪರೀಕ್ಷೆ ಬೇರೆ ಇದೆ. ಆದರೂ ಬಾಯಿಂದ ಬರುವುದು 'ಟ್ರೈ ಮಾಡ್ತೀನಿ'. ಬೆಂಗಳೂರಿನ ಮ್ಯಾನೇಜರಿಗೆ ಆ ದನಿಯಲ್ಲೇ 'ಆಗೋದು ಅನುಮಾನ' ಎಂದು ತಿಳಿಯುತ್ತದೆ, ಗುರುವಾರ ತಾನೇ ಬಂದು ಕೇಳುತ್ತಾನೆ. ಇಲ್ಲಿನ ಲೀಡ್ 'ಆಯಿತು' ಎಂದೇ ಕೇಳಿಸಿಕೊಂಡು ಗ್ರಾಹಕರಿಗೆ ಶುಕ್ರವಾರವೆಂದು ಬರೆದುಬಿಡುತ್ತಾರೆ. ಶುಕ್ರವಾರ ಬೆಳಗ್ಗೆ 'ಇನ್ನೂ ಆಗಿಲ್ಲ' ಎಂದಾಗ ಅವರಿಗೆ ಬರುವ ಸಿಟ್ಟು ವರದಿ ತಡವಾದದ್ದಕ್ಕಲ್ಲ, ಮೊದಲೇ ಹೇಳಲಿಲ್ಲವಲ್ಲ ಎಂದು. ಬದಲಿಗೆ ಹೀಗೆ ಹೇಳಿ ನೋಡಿ: 'ಶುಕ್ರವಾರ ಆಗುವುದಿಲ್ಲ. ಡೇಟಾ ಬುಧವಾರ ಬರುತ್ತದೆ, ಗುರುವಾರ ನನಗೆ ಪರೀಕ್ಷೆ. ಮಂಗಳವಾರ ಮಧ್ಯಾಹ್ನ ಕೊಡುತ್ತೇನೆ.' ನಮಗೆ ಒರಟು ಎನಿಸುತ್ತದೆ. ಅವರು 'ಸರಿ, ಮಂಗಳವಾರ' ಎಂದು ಕ್ಯಾಲೆಂಡರಿನಲ್ಲಿ ಬರೆದುಕೊಂಡು ಮುಂದಿನ ವಿಷಯಕ್ಕೆ ಹೋಗುತ್ತಾರೆ.

ಅವರ ಟೀಕೆಯೂ ಇಷ್ಟೇ ನೇರ. 'ಈ ಗ್ರಾಫ್ ಅರ್ಥವಾಗುವುದಿಲ್ಲ, ಬದಲಿಸಿ' ಎಂದು ಹತ್ತು ಜನರ ಮುಂದೆ ಹೇಳಿದರೆ ಅವಮಾನವೆಂದು ರಾತ್ರಿಯೆಲ್ಲ ಕೊರಗಬೇಡಿ. ಮಾತು ಗ್ರಾಫಿನದ್ದು. ಹಾಗೆಯೇ ಹೊಗಳಿಕೆ ಬಲು ಅಪರೂಪ. ಯಾರೂ ಏನೂ ಹೇಳದಿದ್ದರೆ ಕೆಲಸ ಸರಿಯಾಗಿದೆ ಎಂದೇ ಲೆಕ್ಕ.

ಸರ್, ಮೇಡಂ ಬಿಡುವುದು ಸ್ವಲ್ಪ ಹಿಂಸೆಯೇ. ಟೀಮಿನೊಳಗೆ ಎಷ್ಟೋ ಕಡೆ ಮೊದಲ ಹೆಸರು, ಏಕವಚನ. ಹೊರಗಿನವರಿಗೆ, ಪ್ರೊಫೆಸರಿಗೆ, ಹಳೆಯ ಕಾಲದ ಕಂಪನಿಗಳಲ್ಲಿ ಬಹುವಚನ ಮತ್ತು ಮನೆತನದ ಹೆಸರು. ಗೊತ್ತಾಗದಿದ್ದರೆ ಬಹುವಚನದಲ್ಲೇ ಶುರು ಮಾಡಿ, ಹಿರಿಯರು ತಾವಾಗಿಯೇ ಏಕವಚನಕ್ಕೆ ಕರೆದಾಗ ಒಪ್ಪಿಕೊಳ್ಳಿ. ಅಪ್ಪನ ವಯಸ್ಸಿನವರನ್ನು ಹೆಸರು ಹಿಡಿದು ಕರೆಯಲು ನಾಲಿಗೆ ತಡವರಿಸುತ್ತದೆ, ಒಂದೆರಡು ತಿಂಗಳಲ್ಲಿ ಸರಿಹೋಗುತ್ತದೆ.

ತಡರಾತ್ರಿಯವರೆಗೆ ಕೂತರೆ ಮೆಚ್ಚುತ್ತಾರೆ ಎಂಬ ಭ್ರಮೆ ಬೇಡ. ಕಾನೂನಿನ ಪ್ರಕಾರ ದಿನದ ಕೆಲಸ 8 ಗಂಟೆ, ಹೆಚ್ಚೆಂದರೆ 10. ಆರು ಗಂಟೆ ಮೀರಿ ದುಡಿದರೆ ಅರ್ಧ ಗಂಟೆ ವಿರಾಮ ಕಡ್ಡಾಯ, ಎರಡು ದಿನದ ಕೆಲಸದ ನಡುವೆ 11 ಗಂಟೆ ಬಿಡುವು. ಮಿತಿ ಮೀರಿದರೆ ನಿಮ್ಮ ಲೀಡ್ ಉತ್ತರ ಕೊಡಬೇಕಾಗುತ್ತದೆ.

ಜ್ವರ ಬಂದರೆ ಬೆಳಗ್ಗೆಯೇ ತಿಳಿಸಿ ಮನೆಯಲ್ಲಿರಿ. ಕೆಮ್ಮುತ್ತ ಆಫೀಸಿಗೆ ಬಂದವರನ್ನು ಇಲ್ಲಿ ಯಾರೂ ಹೊಗಳುವುದಿಲ್ಲ, ವಾಪಸು ಕಳಿಸುತ್ತಾರೆ. ಮೂರು ದಿನ ಮೀರಿದರೆ ವೈದ್ಯರ ಪ್ರಮಾಣಪತ್ರ ಬೇಕು. ಕೆಲವು ಕಂಪನಿಗಳು ಮೊದಲ ದಿನದಿಂದಲೇ ಕೇಳುತ್ತವೆ, ಕರಾರಿನಲ್ಲಿ ನೋಡಿಕೊಳ್ಳಿ. ಸೇರಿ ನಾಲ್ಕು ವಾರ ಕಳೆದ ಮೇಲೆ ಕಾಯಿಲೆ ದಿನಗಳಿಗೂ ಆರು ವಾರದವರೆಗೆ ಸಂಬಳ ಇದೆ. ವೆರ್ಕ್‌ಸ್ಟುಡೆಂಟ್‌ಗಳಿಗೂ ಇದು ಸಲ್ಲುತ್ತದೆ, ಸಂಬಳ ಸಹಿತ ರಜೆಯೂ ಅಷ್ಟೇ. ಕೇಳದವರಿಗೆ ಕೊಡದೆ ತಳ್ಳುವ ಜಾಗಗಳೂ ಇವೆ.

ಹುಟ್ಟುಹಬ್ಬ ನಿಮ್ಮದಾದರೆ ಕೇಕು ತರಬೇಕಾದವರೂ ನೀವೇ. ಮನೆಯಲ್ಲೇ ಮಾಡಿದ ರವೆ ಉಂಡೆ ತೆಗೆದುಕೊಂಡು ಹೋದರೆ ಆ ಟೀಮಿನಲ್ಲಿ ನಿಮ್ಮ ಹೆಸರು ಬಹಳ ದಿನ ಉಳಿಯುತ್ತದೆ. ಬಿಯರ್ ಕುಡಿಯುವುದಿಲ್ಲ, ಮಾಂಸ ತಿನ್ನುವುದಿಲ್ಲ ಎನ್ನುವುದಕ್ಕೆ ಕಾರಣ ಕೊಡುವ ಅಗತ್ಯವೇ ಇಲ್ಲ. ಆದರೆ ಊಟಕ್ಕೆ ಕರೆದಾಗ ಡಬ್ಬಿ ತೆಗೆದುಕೊಂಡಾದರೂ ಜೊತೆಗೆ ಹೋಗಿ ಕೂರಿ. ನಾಲ್ವರು ಭಾರತೀಯರೇ ಒಂದು ಮೇಜು ಹಿಡಿದು ಕೂತರೆ ಬಿ1 ಅಲ್ಲೇ ತುಕ್ಕು ಹಿಡಿಯುತ್ತದೆ.

ಹಂತ 7: ಥೀಸಿಸ್ ಮತ್ತು ಹೊರಡುವಾಗಿನ ಪತ್ರ

ಥೀಸಿಸ್ಸನ್ನು ಕಂಪನಿಯಲ್ಲೇ ಮಾಡುವ ಅವಕಾಶವಿದ್ದರೆ ಕಂಪನಿಗಿಂತ ಮೊದಲು ಪ್ರೊಫೆಸರನ್ನು ಕೇಳಿ. ವಿಷಯ ಕಂಪನಿಗೆ ಹಿಡಿಸಿ ಪ್ರೊಫೆಸರಿಗೆ ಹಿಡಿಸದೆ ನಾಲ್ಕೈದು ತಿಂಗಳು ವ್ಯರ್ಥವಾದ ಉದಾಹರಣೆಗಳಿವೆ. ಗೌಪ್ಯತೆ ಒಪ್ಪಂದದಲ್ಲಿ ಏನಿದೆ ಎಂಬುದನ್ನೂ ಇಬ್ಬರಿಗೂ ತೋರಿಸಿ.

ಕೆಲಸ ಬಿಡುವಾಗ ಪ್ರತಿಯೊಬ್ಬರಿಗೂ ಲಿಖಿತ ಮೌಲ್ಯಮಾಪನ ಪತ್ರ ಪಡೆಯುವ ಹಕ್ಕಿದೆ, ವಿದ್ಯಾರ್ಥಿಗೂ ಇದೆ. ಕೇಳಿ ಪಡೆಯಿರಿ, ಬಂದದ್ದನ್ನು ಗಮನವಿಟ್ಟು ಓದಿ. ಪತ್ರ ಸತ್ಯವೂ ಆಗಿರಬೇಕು, ಉದ್ಯೋಗಿಗೆ ಒಳ್ಳೆಯದು ಬಯಸುವಂತೆಯೂ ಇರಬೇಕು ಎಂದು ಕಾನೂನು ಹೇಳುವುದರಿಂದ ಎಚ್‌ಆರ್‌ನವರು ಒಂದು ಸಂಕೇತಭಾಷೆ ರೂಢಿಸಿಕೊಂಡಿದ್ದಾರೆ. 'ಸದಾ ನಮಗೆ ಸಂಪೂರ್ಣಾತಿಸಂಪೂರ್ಣ ತೃಪ್ತಿ' ಎಂಬ ಅರ್ಥದ ಸಾಲಿದ್ದರೆ ಅದು ಅತ್ಯುತ್ತಮ ದರ್ಜೆ. 'ಸದಾ ಸಂಪೂರ್ಣ ತೃಪ್ತಿ' ಎಂದರೆ ಎರಡನೇ ದರ್ಜೆ. 'ಸದಾ' ಹೋದರೆ ಮೂರು. ಬರೀ 'ತೃಪ್ತಿಕರ' ಎಂದರೆ ನಾಲ್ಕು. 'ಪ್ರಯತ್ನ ಪಟ್ಟರು' ಎಂದಿದ್ದರೆ ಫೇಲು. ಕೊನೆಯಲ್ಲಿ ಧನ್ಯವಾದ, ಹೊರಡುತ್ತಿರುವುದಕ್ಕೆ ವಿಷಾದ, ಶುಭಹಾರೈಕೆ ಮೂರೂ ಇವೆಯೇ ನೋಡಿ. ಕಡಿಮೆ ದರ್ಜೆ ಬಂದಿದ್ದರೆ ಲೀಡ್ ಜೊತೆ ಮಾತಾಡಿ ತಿದ್ದಿಸಿಕೊಳ್ಳಬಹುದು; ಎಷ್ಟೋ ಸಲ ಆ ಪತ್ರ ಬರೆದ ಹೊಸಬರಿಗೇ ಇದರ ಅರಿವಿರುವುದಿಲ್ಲ.

ಹಂತ 8: ಪದವಿಯ ನಂತರದ 18 ತಿಂಗಳು

ಪದವಿ ಮುಗಿದವರಿಗೆ ಕೆಲಸ ಹುಡುಕಲು 18 ತಿಂಗಳವರೆಗಿನ ಪರವಾನಗಿ ಸಿಗುತ್ತದೆ. ಆ ಅವಧಿಯಲ್ಲಿ ಯಾವ ಕೆಲಸವನ್ನಾದರೂ, ಎಷ್ಟು ಗಂಟೆಯಾದರೂ ಮಾಡಬಹುದು. ಕೇಳಲು ದೀರ್ಘ ಎನಿಸುತ್ತದೆ, ಆದರೆ ಖರ್ಚಿಗೆ ದುಡ್ಡಿದೆ ಎಂದು ತೋರಿಸಬೇಕು, ಓದು ಮುಗಿದ ಕೂಡಲೇ ವಿದ್ಯಾರ್ಥಿ ದರದ ಆರೋಗ್ಯ ವಿಮೆ ನಿಂತು ಕಂತು ಏರುತ್ತದೆ, ವೆರ್ಕ್‌ಸ್ಟುಡೆಂಟ್ ಸ್ಥಾನವೂ ಹೋಗುತ್ತದೆ. ಆದ್ದರಿಂದ ಅರ್ಜಿ ಹಾಕುವುದನ್ನು ಥೀಸಿಸ್ ಅರ್ಧವಾಗುವಾಗಲೇ ಶುರು ಮಾಡಿ. ಆಗಸ್ಟ್‌ನಲ್ಲೂ ಡಿಸೆಂಬರ್ ಕೊನೆಯಲ್ಲೂ ಅರ್ಧ ಆಫೀಸು ರಜೆಯಲ್ಲಿರುತ್ತದೆ. ಆಗ ಉತ್ತರ ಬರಲಿಲ್ಲವೆಂದು ಕಂಗಾಲಾಗಬೇಡಿ. ಊರಿನಿಂದ ಪ್ರತಿ ಭಾನುವಾರ 'ಕೆಲಸ ಸಿಕ್ತಾ' ಎಂದು ಫೋನು ಬರುತ್ತದೆ. ಇಲ್ಲಿ ಅರ್ಜಿಯಿಂದ ಆಫರಿಗೆ ತಿಂಗಳುಗಳೇ ಹಿಡಿಯುತ್ತವೆ ಎಂದು ಅಪ್ಪ ಅಮ್ಮನಿಗೆ ಮೊದಲೇ ಹೇಳಿಟ್ಟರೆ ಅವರಿಗೂ ನೆಮ್ಮದಿ.

ವೀಸಾ ಮುಗಿಯುವ ಎರಡು ಮೂರು ತಿಂಗಳು ಮೊದಲೇ ವಿದೇಶಿಯರ ಕಚೇರಿಗೆ ಅರ್ಜಿ ಕೊಡಿ. ದೊಡ್ಡ ಊರುಗಳಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ದೊಡ್ಡ ಸಾಹಸ. ಅವಧಿ ಮುಗಿಯುವ ಮೊದಲೇ ಅರ್ಜಿ ಹಾಕಿದ್ದರೆ ಹಳೆಯ ಹಕ್ಕುಗಳೊಂದಿಗೆ ಮುಂದುವರಿಯಲು ತಾತ್ಕಾಲಿಕ ಪತ್ರ ಕೊಡುತ್ತಾರೆ. ಆ ಪತ್ರ ಹಿಡಿದು ಭಾರತಕ್ಕೆ ಹೋಗಿ ಮರಳಬಹುದೇ ಎಂಬುದು ಅದರಲ್ಲಿ ಯಾವ ಕಲಮಿಗೆ ಗುರುತು ಹಾಕಿದ್ದಾರೆ ಎಂಬುದರ ಮೇಲೆ ನಿಂತಿದೆ. ಟಿಕೆಟ್ ಮಾಡುವ ಮೊದಲು ಕಚೇರಿಯಲ್ಲೇ ಕೇಳಿ.

ಆಫರ್ ಬಂದಾಗ ಬ್ಲೂ ಕಾರ್ಡಿಗೆ, ಅಂದರೆ ಪದವೀಧರ ವಿದೇಶಿಯರಿಗೆ ಕೊಡುವ ಕೆಲಸದ ಪರವಾನಗಿಗೆ, ಬೇಕಾದ ಸಂಬಳ ಇದೆಯೇ ನೋಡಿ. 2025ರಲ್ಲಿ ಸಾಮಾನ್ಯ ಮಿತಿ ವರ್ಷಕ್ಕೆ 48,300 ಯೂರೋ ಇತ್ತು. ಕೊರತೆಯಿರುವ ವೃತ್ತಿಗಳಿಗೆ ಮತ್ತು ಕಳೆದ ಮೂರು ವರ್ಷದೊಳಗೆ ಪದವಿ ಪಡೆದವರಿಗೆ 43,759.80. ಪ್ರತಿ ಜನವರಿಯಲ್ಲಿ ಇದು ಬದಲಾಗುತ್ತದೆ, ಸಾಮಾನ್ಯವಾಗಿ ಏರುತ್ತದೆ. ಸಂಬಳ ಎಷ್ಟು ಬೇಕೆಂದು ಕೇಳಿದಾಗ ವರ್ಷದ ಒಟ್ಟು ಮೊತ್ತವನ್ನು ಹೇಳಬೇಕು. 50,000 ಎಂದು ಕೇಳಿ ಹಿಗ್ಗಬೇಡಿ, ಒಂಟಿಯಾಗಿದ್ದವರಿಗೆ ತೆರಿಗೆ, ವಿಮೆ ಸೇರಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಕಡಿತವಾಗುತ್ತದೆ.

ಹಂತ 9: ಸಹಿ ಹಾಕುವಾಗ, ಹಾಕಿದ ಮೇಲೆ

ಕರಾರು ಪತ್ರದಲ್ಲಿ ಪ್ರೊಬೇಷನ್ ಎಷ್ಟು ದಿನ ಎಂದು ನೋಡಿ. ಆರು ತಿಂಗಳವರೆಗೆ ಇರಬಹುದು, ಆ ಅವಧಿಯಲ್ಲಿ ಎರಡು ವಾರದ ನೋಟಿಸಿನಲ್ಲಿ ಯಾರು ಬೇಕಾದರೂ ಬಿಡಬಹುದು. ನಮ್ಮೂರಿನ ಹಾಗೆ ಎರಡು ಕಡೆ ಸಹಿ ಹಾಕಿ, ಹೆಚ್ಚು ಕೊಡುವ ಕಡೆ ಸೇರುವ ಚಾಳಿ ಇಲ್ಲಿ ಬೇಡ. ಸಹಿ ಮಾಡಿದ ಕರಾರು ಬದ್ಧ. ರಾಜೀನಾಮೆಯೂ ಕಾಗದದ ಮೇಲೆ ಪೆನ್ನಿನ ಸಹಿ ಇದ್ದರೆ ಮಾತ್ರ ಊರ್ಜಿತ, ಇಮೇಲ್ ಅಥವಾ ವಾಟ್ಸಾಪಿನದ್ದು ಸಲ್ಲುವುದಿಲ್ಲ. ವಾರಕ್ಕೆ ಐದು ದಿನ ದುಡಿಯುವವರಿಗೆ ಕಾನೂನಿನ ಕನಿಷ್ಠ ರಜೆ 20 ದಿನ, ಒಳ್ಳೆಯ ಕಂಪನಿಗಳು 30ರ ಆಸುಪಾಸು ಕೊಡುತ್ತವೆ. ಊರಿಗೆ ಮೂರು ನಾಲ್ಕು ವಾರ ಹೋಗಬೇಕೆಂದಿದ್ದರೆ ವರ್ಷದ ಮೊದಲಿಗೇ ಹೇಳಿ ಕ್ಯಾಲೆಂಡರಿನಲ್ಲಿ ಹಾಕಿಸಿಬಿಡಿ. ಮಕ್ಕಳಿರುವ ಸಹೋದ್ಯೋಗಿಗಳು ಶಾಲೆಯ ರಜೆಯನ್ನು ಆಗಲೇ ಕಾದಿರಿಸಿರುತ್ತಾರೆ.

ಕೆಲಸ ಸಿಕ್ಕ ಖುಷಿಯಲ್ಲಿ ಜರ್ಮನ್ ತರಗತಿ ಬಿಟ್ಟುಬಿಡುವವರು ಬಹಳ. ಬ್ಲೂ ಕಾರ್ಡ್ ಇದ್ದವರಿಗೆ ಎ1 ಮಟ್ಟದ ಭಾಷೆಯಿದ್ದರೆ 27 ತಿಂಗಳಿಗೆ, ಬಿ1 ಇದ್ದರೆ 21 ತಿಂಗಳಿಗೇ ಕಾಯಂ ವಾಸದ ಪರವಾನಗಿ ಸಿಗುತ್ತದೆ. ಅದರ ಜೊತೆಗೆ ದೇಶದ ಕಾನೂನು, ಇತಿಹಾಸದ ಮೇಲೆ 33 ಪ್ರಶ್ನೆಗಳ ಒಂದು ಪರೀಕ್ಷೆ ಬೇಕಾಗುತ್ತದೆ. ಪ್ರಶ್ನೆಗಳೆಲ್ಲ ಮೊದಲೇ ಪ್ರಕಟವಾಗಿವೆ, ಒಂದು ವಾರ ಓದಿದರೆ ಸಾಕು. ಊರಲ್ಲೇ ಬಿ1 ಕಟ್ಟಿ ಬಂದವರು ಹಳೆಯ ಪ್ರಮಾಣಪತ್ರವನ್ನು ತಮ್ಮ ಊರಿನ ವಿದೇಶಿಯರ ಕಚೇರಿ ಒಪ್ಪುತ್ತದೆಯೇ ಎಂದು ಈಗಲೇ ಬರೆದು ಕೇಳಿ. ಒಪ್ಪದಿದ್ದರೆ ಪ್ರೊಬೇಷನ್ ಮುಗಿಯುವುದರೊಳಗೆ ಪರೀಕ್ಷೆಗೆ ಹೆಸರು ಕೊಡಿ. ಪರೀಕ್ಷೆಯ ಜಾಗಗಳೂ ಬೇಗ ತುಂಬಿಹೋಗುತ್ತವೆ.